ಇನ್ನೂರು ಗಂಟೆ ಹಾರಿದ ಮೇಲೆ ಲೈಸೆನ್ಸ್ ಅರ್ಜಿ: ಆಷಾಢ ಕಳೆಯುವವರೆಗೆ ಕಾಯಬಹುದೇ?

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನ ಅಡಿಕೆ ಕೃಷಿಕರು. ಮಗಳಿಗೆ 22 ವರ್ಷ. ಪಿಯುಸಿ ವಿಜ್ಞಾನ ಮುಗಿಸಿ ಹೊರರಾಜ್ಯದ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ ಪೈಲಟ್ ತರಬೇತಿ ಪಡೆದು ಮೇ ತಿಂಗಳಲ್ಲಿ ಊರಿಗೆ ಬಂದಿದ್ದಾಳೆ. ಲಾಗ್‌ಬುಕ್ಕಿನಲ್ಲಿ ಒಟ್ಟು 203 ಗಂಟೆ ಇದೆ, ಅದರಲ್ಲಿ 106 ಗಂಟೆ ಪಿಐಸಿ, ಅಂದರೆ ವಿಮಾನದ ಹೊಣೆ ತಾನೇ ಹೊತ್ತು ಹಾರಿದ್ದು. ಜನವರಿ 8ರಿಂದ ಏಪ್ರಿಲ್‌ವರೆಗೆ ಒಬ್ಬಳೇ ಹಾರಿದ್ದು 17 ಗಂಟೆ 20 ನಿಮಿಷ. ರಾತ್ರಿಯ ಹತ್ತು ಲ್ಯಾಂಡಿಂಗ್ ಜನವರಿ 21 ಮತ್ತು 22ರಂದು ಆಗಿವೆ. ಸ್ಕಿಲ್ ಟೆಸ್ಟ್‌ಗಳು ಫೆಬ್ರವರಿ 12ರಿಂದ ಮಾರ್ಚ್ 9ರೊಳಗೆ ಮುಗಿದವು. ಐದು ಲಿಖಿತ ಪರೀಕ್ಷೆಗಳೂ ರೇಡಿಯೊ ಬಳಕೆಯ ಆರ್‌ಟಿಆರ್ ಪರೀಕ್ಷೆಯೂ ಪಾಸಾಗಿದೆ. ಕ್ಲಾಸ್ 1 ಮೆಡಿಕಲ್, ಅಂದರೆ ಪೈಲಟ್‌ಗೆ ಬೇಕಾದ ಆರೋಗ್ಯ ಪ್ರಮಾಣಪತ್ರ, ಆಗಸ್ಟ್ 30ರವರೆಗೆ ಇದೆ. ಆದರೆ ಇ-ಲಾಗ್‌ಬುಕ್ಕಿನಲ್ಲಿ 11 ಗಂಟೆಯನ್ನು ಸಂಸ್ಥೆ ಇನ್ನೂ ಅನುಮೋದಿಸಿಲ್ಲ. ಲೆಕ್ಕ ತಾಳೆಯಾಗುತ್ತಿಲ್ಲ ಎನ್ನುತ್ತಾರೆ, ಫೀಸಿನ ಬಾಕಿ ಬಗ್ಗೆಯೂ ತಕರಾರಿದೆ. ಅವಳ ಪಿಯುಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಇದೆ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರಿದೆ. ಮನೆಯ ಹಿರಿಯರು ಆಷಾಢ ಕಳೆದು ಶ್ರಾವಣದಲ್ಲಿ ಅರ್ಜಿ ಹಾಕಿ ಎನ್ನುತ್ತಾರೆ. ಪರಿಚಯದವರೊಬ್ಬರು ದೆಹಲಿಯಲ್ಲಿ ಏಜೆಂಟ್ ಇದ್ದಾರೆ, ಹಣ ಕೊಟ್ಟರೆ ಮಾಡಿಸುತ್ತಾರೆ ಎನ್ನುತ್ತಾರೆ. ಬ್ಯಾಂಕಿನ ಸಾಲದ ಕಂತು ಶುರುವಾಗಿದೆ. ಏನು ಮಾಡಬೇಕು? (ಪತ್ರ ಬಂದದ್ದು ಜುಲೈ 2)

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕಾರು ಚಿಂತೆಗಳಿವೆ. ಎಲ್ಲದರ ಬುಡದಲ್ಲಿ ಇರುವುದು ಒಂದೇ ಪ್ರಶ್ನೆ: ಇಷ್ಟು ಕಷ್ಟಪಟ್ಟು ಮುಗಿಸಿದ ಹಾರಾಟ ಕೈತಪ್ಪಿ ಹೋಗುತ್ತದೆಯೇ? ಹೋಗುವುದಿಲ್ಲ. 203 ಗಂಟೆ ಎಲ್ಲಿಗೂ ಹೋಗುವುದಿಲ್ಲ. ಆದರೆ ಅದರೊಳಗಿನ ಕೆಲವು ಭಾಗಗಳಿಗೆ ಅವಧಿ ಇದೆ, ಆ ಅವಧಿ ಈಗ ಓಡುತ್ತಿದೆ. ರಾತ್ರಿ ಲ್ಯಾಂಡಿಂಗಿನ ತಾರೀಖು ನೋಡಿ ನೀವು ಜುಲೈ 21 ಕೊನೆಯ ದಿನ ಎಂದುಕೊಂಡಿರಬಹುದು. ನಿಮ್ಮದೇ ಅಂಕಿಗಳ ಪ್ರಕಾರ ಗಡುವು ಅದಕ್ಕಿಂತ ಮೊದಲೇ ಬರಬಹುದು. ಅದನ್ನು ಮೊದಲು ಬಿಡಿಸಿ ನೋಡೋಣ.

ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ, ಅಂದರೆ ಸಿಪಿಎಲ್‌ಗೆ, ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಕೇಳುವುದು 200 ಗಂಟೆಯ ಒಂದೇ ಮೊತ್ತವಲ್ಲ. ಆ 200 ಗಂಟೆ ಅರ್ಜಿಯ ದಿನದಿಂದ ಹಿಂದಿನ ಐದು ವರ್ಷದೊಳಗಿನದಾಗಿರಬೇಕು. ಅದರಲ್ಲಿ ಕನಿಷ್ಠ 100 ಗಂಟೆ ಪಿಐಸಿ ಆಗಿರಬೇಕು. ಆ ನೂರರಲ್ಲಿ 15 ಗಂಟೆ ಅರ್ಜಿಗೆ ಮುಂಚಿನ ಆರು ತಿಂಗಳೊಳಗೆ ಆಗಿರಬೇಕು. ಕ್ರಾಸ್ ಕಂಟ್ರಿಯಲ್ಲಿ, ಅಂದರೆ ಒಂದು ಊರಿನಿಂದ ಇನ್ನೊಂದು ಊರಿಗೆ ಹಾರುವುದರಲ್ಲಿ, 20 ಗಂಟೆ ಪಿಐಸಿ ಬೇಕು. ಅದರೊಳಗೆ 300 ನಾಟಿಕಲ್ ಮೈಲಿಗೆ, ಸುಮಾರು 555 ಕಿಲೋಮೀಟರಿಗೆ, ಕಡಿಮೆಯಿಲ್ಲದ ಒಂದು ಹಾರಾಟ ಇರಬೇಕು, ದಾರಿಯಲ್ಲಿ ಬೇರೆ ಬೇರೆ ಎರಡು ನಿಲ್ದಾಣಗಳಲ್ಲಿ ಪೂರ್ತಿ ನಿಲ್ಲುವ ಲ್ಯಾಂಡಿಂಗ್ ಆಗಿರಬೇಕು. ಹೊರಗೆ ನೋಡದೆ ಉಪಕರಣ ನೋಡಿ ಹಾರುವ ಇನ್‌ಸ್ಟ್ರುಮೆಂಟ್ ಹಾರಾಟ 10 ಗಂಟೆ, ಅದರಲ್ಲಿ ಸಿಮ್ಯುಲೇಟರಿನದು 5 ಗಂಟೆಗಿಂತ ಹೆಚ್ಚು ಲೆಕ್ಕಕ್ಕಿಲ್ಲ. ರಾತ್ರಿ ಹಾರಾಟ 5 ಗಂಟೆ, ಜೊತೆಗೆ ಪಿಐಸಿಯಾಗಿ ಹತ್ತು ಟೇಕಾಫ್ ಮತ್ತು ಹತ್ತು ಲ್ಯಾಂಡಿಂಗ್. ಇವೂ ಆರು ತಿಂಗಳೊಳಗಿನದೇ ಆಗಬೇಕು.

ಸ್ಕಿಲ್ ಟೆಸ್ಟ್‌ಗೂ ಅದೇ ಆರು ತಿಂಗಳು. ಹಗಲಿನ ಮತ್ತು ರಾತ್ರಿಯ ಜನರಲ್ ಫ್ಲೈಯಿಂಗ್ ಟೆಸ್ಟ್, 250 ನಾಟಿಕಲ್ ಮೈಲಿನ ಹಗಲಿನ ಕ್ರಾಸ್ ಕಂಟ್ರಿ ಟೆಸ್ಟ್, 120 ನಾಟಿಕಲ್ ಮೈಲಿನ ರಾತ್ರಿಯ ಕ್ರಾಸ್ ಕಂಟ್ರಿ ಟೆಸ್ಟ್: ಈ ನಾಲ್ಕಕ್ಕೂ ಒಂದೊಂದು ತಾರೀಖು, ಒಂದೊಂದು ಕೊನೆ.

ಈಗ ಮಗಳ ಲಾಗ್‌ಬುಕ್ ತೆಗೆದು ಒಂದು ಹಾಳೆಯಲ್ಲಿ ಈ ಲೆಕ್ಕ ಬರೆಯಿರಿ. ಜನವರಿ 8ರಿಂದ ಆದ ಒಂದೊಂದು ಸೋಲೋ ಹಾರಾಟದ, ಅಂದರೆ ಪಿಐಸಿಗೆ ಸೇರುವ, ಒಬ್ಬಳೇ ಹಾರಿದ ಹಾರಾಟದ ತಾರೀಖು, ಅದರ ಮುಂದೆ ಸಮಯ. ನೀವು ಲಗತ್ತಿಸಿದ ಪುಟಗಳಲ್ಲಿ ಜನವರಿ 8ರಂದು 1 ಗಂಟೆ 10 ನಿಮಿಷ, 12ರಂದು 1 ಗಂಟೆ 30 ನಿಮಿಷ, 21 ಮತ್ತು 22ರ ರಾತ್ರಿ ಸೇರಿ 1 ಗಂಟೆ 50 ನಿಮಿಷ, 28ರಂದು 1 ಗಂಟೆ 20 ನಿಮಿಷ ಕಾಣುತ್ತದೆ. ಉಳಿದ 11 ಗಂಟೆ 30 ನಿಮಿಷ ಫೆಬ್ರವರಿ 12ರ ನಂತರದ್ದು.

ಅರ್ಜಿ ಜುಲೈ 11ಕ್ಕೆ ಹೋದರೆ ಆರು ತಿಂಗಳ ಲೆಕ್ಕ ಜನವರಿ 11ರಿಂದ ಶುರು. 8ನೇ ತಾರೀಖಿನ ಹಾರಾಟ ಬಿಟ್ಟುಹೋಗುತ್ತದೆ, 16 ಗಂಟೆ 10 ನಿಮಿಷ ಉಳಿಯುತ್ತದೆ, ಸಾಲುತ್ತದೆ. ಜುಲೈ 13ಕ್ಕೆ ಹೋದರೆ 12ನೇ ತಾರೀಖಿನದೂ ಬಿತ್ತು, ಉಳಿದದ್ದು 14 ಗಂಟೆ 40 ನಿಮಿಷ. ಇಪ್ಪತ್ತು ನಿಮಿಷ ಕಡಿಮೆ. ರಾತ್ರಿಯ ಲ್ಯಾಂಡಿಂಗ್‌ಗಳಿಗೆ ಇನ್ನೂ ಎಂಟು ದಿನ ಬಾಕಿ ಇರುವಾಗಲೇ 15 ಗಂಟೆಯ ಷರತ್ತಿನಲ್ಲಿ ಅರ್ಜಿ ಸೋಲುತ್ತದೆ. ತರಬೇತಿ ಮುಗಿಸಿದವರು ಅತಿ ಹೆಚ್ಚು ಎಡವುವ ಜಾಗ ಇದು. ರಾತ್ರಿ ಲ್ಯಾಂಡಿಂಗಿನ ತಾರೀಖು ಎಲ್ಲರಿಗೂ ನೆನಪಿರುತ್ತದೆ. ಪಿಐಸಿ ಗಂಟೆ ದಿನದಿನಕ್ಕೆ ಹಿಂದಿನಿಂದ ಉದುರುತ್ತಿರುವುದನ್ನು ಯಾರೂ ಗಮನಿಸುವುದಿಲ್ಲ.

ಆಷಾಢದ ವಿಷಯ. ಹಿರಿಯರ ಮಾತನ್ನು ತಳ್ಳಿಹಾಕಿ ಎಂದು ಹೇಳುತ್ತಿಲ್ಲ. ಹೊಸ ಕೆಲಸಕ್ಕೆ ಶ್ರಾವಣ ಒಳ್ಳೆಯದು ಎಂಬುದು ಮನೆಮನೆಯ ನಂಬಿಕೆ. ಆದರೆ ಅವರಿಗೆ ಹೀಗೆ ಹೇಳಿ ನೋಡಿ: ಈ ಕೆಲಸ ಹೊಸದಲ್ಲ, ಜನವರಿಯಲ್ಲೇ ಶುರುವಾದದ್ದು, ಅರ್ಜಿ ಅದರ ಕೊನೆಯ ಹಂತ ಮಾತ್ರ. ಅಷ್ಟಾದರೂ ಒಪ್ಪದಿದ್ದರೆ ಮುಂದೆ ಹೇಳುವ ಎರಡನೇ ದಾರಿಯಲ್ಲಿ ಅರ್ಜಿಯ ತಾರೀಖು ಹೇಗೂ ಆಗಸ್ಟಿಗೆ ಬರುತ್ತದೆ. ಜಗಳಕ್ಕೆ ಕಾರಣವಿಲ್ಲ.

ಆ 11 ಗಂಟೆಯ ತೊಡಕು

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಅಡ್ಡಿ ಇದು. ಕಾಗದದ ಲಾಗ್‌ಬುಕ್ಕಿನಲ್ಲಿ 203 ಇರಬಹುದು. ಅನುಮೋದನೆಯಾಗದ 11 ಕಳೆದರೆ ಡಿಜಿಸಿಎಯ ಇ-ಜಿಸಿಎ ಪೋರ್ಟಲಿನಲ್ಲಿ ಕಾಣುವುದು 192. ಅಲ್ಲಿಗೆ ಅರ್ಜಿಗೇ ಅರ್ಹತೆ ಇಲ್ಲ. ಆದ್ದರಿಂದ ಮೊದಲು ಬಿಡಿಸಬೇಕಾದ ಗಂಟು ಇದೇ.

'ಲೆಕ್ಕ ತಾಳೆಯಾಗುತ್ತಿಲ್ಲ' ಎಂದರೆ ಯಾರೋ ಸುಳ್ಳು ಹಾರಾಟ ಬರೆದಿದ್ದಾರೆ ಎಂದೇ ಅರ್ಥವಲ್ಲ. ಬಹುಪಾಲು ಸಲ ಬರೆಯುವಾಗ ಆದ ಸಣ್ಣ ತಪ್ಪುಗಳು. ತರಬೇತಿ ವಿಮಾನದ ಹಾಬ್ಸ್ ಮೀಟರ್ ಗಂಟೆಯನ್ನು ಹತ್ತನೇ ಭಾಗಗಳಲ್ಲಿ ತೋರಿಸುತ್ತದೆ. ಅದರಲ್ಲಿ 0.1 ಎಂದರೆ ಆರು ನಿಮಿಷ, 1.3 ಎಂದರೆ 1 ಗಂಟೆ 18 ನಿಮಿಷ. ದಣಿದು ಬಂದ ವಿದ್ಯಾರ್ಥಿ ಅದನ್ನು 1 ಗಂಟೆ 30 ನಿಮಿಷ ಎಂದು ತುಂಬಿದರೆ ಹನ್ನೆರಡು ನಿಮಿಷ ಹೆಚ್ಚು ಬಂತು. 1.5 ಅನ್ನು 1 ಗಂಟೆ 50 ನಿಮಿಷ ಮಾಡಿದರೆ ಇಪ್ಪತ್ತು ನಿಮಿಷ. ಇಂಥ ಐದಾರು ಸಾಲು ಸೇರಿದರೆ ಪುಟದ ಮೊತ್ತವೇ ಬದಲಾಗುತ್ತದೆ, ಮುಂದಿನ ಪುಟಕ್ಕೆ ಒಯ್ದ ಮೊತ್ತವೂ ತಪ್ಪುತ್ತದೆ.

ಎರಡನೆಯದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗಿನ ಐದು ಗಂಟೆಗೆ ಎಂಜಿನ್ ಶುರುಮಾಡಿದ್ದರೆ ಯುಟಿಸಿಯಲ್ಲಿ ಅದು ಹಿಂದಿನ ದಿನದ ರಾತ್ರಿ 11.30. ವಿಮಾನದ ದಾಖಲೆ ಯುಟಿಸಿಯಲ್ಲಿ, ಮಗಳ ಸಾಲು ಭಾರತೀಯ ಸಮಯದಲ್ಲಿ ಇದ್ದರೆ ಒಂದೇ ಹಾರಾಟಕ್ಕೆ ಎರಡು ತಾರೀಖು. ಮೂರನೆಯದು ವಿಮಾನದ ನೋಂದಣಿ. ಭಾರತದ ವಿಮಾನಗಳ ಗುರುತಾದ ವಿಟಿ ನಂತರದ ಮೂರು ಅಕ್ಷರಗಳಲ್ಲಿ ಒಂದು ಅದಲು ಬದಲಾದರೆ ಆ ದಿನ ಹ್ಯಾಂಗರಿನಲ್ಲಿ ರಿಪೇರಿಗೆ ನಿಂತಿದ್ದ ವಿಮಾನವನ್ನು ಇವಳು ಹಾರಿಸಿದಂತೆ ದಾಖಲಾಗುತ್ತದೆ. ನಾಲ್ಕನೆಯದು ಸಂಜೆಯ ಹಾರಾಟ. ಸೂರ್ಯ ಮುಳುಗಿದ ಕ್ಷಣದಿಂದಲೇ ರಾತ್ರಿ ಲೆಕ್ಕ ಶುರುವಾಗುವುದಿಲ್ಲ. ಹಗಲಲ್ಲಿ ಏರಿ ಕತ್ತಲಲ್ಲಿ ಇಳಿದ ಹಾರಾಟವನ್ನು ಹಗಲು ಎಷ್ಟು, ರಾತ್ರಿ ಎಷ್ಟು ಎಂದು ಒಡೆದು ಬರೆಯಬೇಕು. ಇಡೀ ಹಾರಾಟವನ್ನು ರಾತ್ರಿಯ ಕಾಲಮ್ಮಿಗೆ ಹಾಕಿದ್ದರೆ ಅದು ನಿಲ್ಲುವುದಿಲ್ಲ.

ಮಗಳು ಕೂತು ಅನುಮೋದನೆಯಾಗದ ಸಾಲುಗಳನ್ನಷ್ಟೇ ಬೇರೆ ಹಾಳೆಯಲ್ಲಿ ಇಳಿಸಲಿ. ತಾರೀಖು, ನೋಂದಣಿ, ಚಾಕ್ಸ್ (ಚಕ್ರದ ಅಡ್ಡಗಟ್ಟೆ) ಬಿಟ್ಟ ಸಮಯ, ಮತ್ತೆ ನಿಂತ ಸಮಯ, ಡ್ಯುಯಲ್ಲೋ (ಇನ್‌ಸ್ಟ್ರಕ್ಟರ್ ಜೊತೆ) ಸೋಲೋ, ಹಗಲು ಎಷ್ಟು, ರಾತ್ರಿ ಎಷ್ಟು. ಪಕ್ಕದಲ್ಲಿ ಒಂದು ಖಾಲಿ ಕಾಲಮ್ ಇರಲಿ. ಅದನ್ನು ಸಂಸ್ಥೆಯ ಚೀಫ್ ಫ್ಲೈಯಿಂಗ್ ಇನ್‌ಸ್ಟ್ರಕ್ಟರಿಗೆ ಇಮೇಲ್‌ನಲ್ಲಿ ಕಳಿಸಿ, 'ನಿಮ್ಮ ವಿಮಾನ ದಾಖಲೆಯಲ್ಲಿ ಈ ಹಾರಾಟಗಳಿಗೆ ಏನಿದೆ ತಿಳಿಸಿ' ಎಂದು ಕೇಳಲಿ. ಫೋನಿನಲ್ಲಿ 'ತಾಳೆಯಾಗುತ್ತಿಲ್ಲ' ಎನ್ನುವುದು ಸುಲಭ. ಹತ್ತು ಸಾಲಿನ ಪಟ್ಟಿ ಎದುರಿಗಿದ್ದರೆ ಯಾವ ಸಾಲು ಎಂದು ಹೇಳಲೇಬೇಕಾಗುತ್ತದೆ.

ತಪ್ಪು ಮಗಳದಾದರೆ ತಿದ್ದಿಬಿಡಲಿ, ಗಂಟೆ ಕಡಿಮೆಯಾದರೂ ಸರಿ. ಇಲ್ಲಿ ಕೆಲವರು ಮಾಡುವ ಅನಾಹುತ ಎಂದರೆ ಕಡಿಮೆ ಬಿದ್ದ ಗಂಟೆಯನ್ನು ಬೇರೆ ಸಾಲಿನಲ್ಲಿ ಹಿಗ್ಗಿಸಿ ಸರಿದೂಗಿಸುವುದು. ದಯವಿಟ್ಟು ಬೇಡ. 2011ರಲ್ಲಿ ನಕಲಿ ಅಂಕಪಟ್ಟಿ ತೋರಿಸಿ ಲೈಸೆನ್ಸ್ ಪಡೆದವರ ಪ್ರಕರಣಗಳು ಬಯಲಾಗಿ ಪೈಲಟ್‌ಗಳ ಬಂಧನವಾಯಿತು. ಆಮೇಲೆ ದಾಖಲೆ ಪರಿಶೀಲನೆ ಬಹಳ ಬಿಗಿಯಾಗಿದೆ. ಸುಳ್ಳು ಮಾಹಿತಿ ಕೊಟ್ಟು ಪಡೆದ ಲೈಸೆನ್ಸನ್ನು ಅಮಾನತು ಅಥವಾ ರದ್ದು ಮಾಡುವ ಅಧಿಕಾರ ವಿಮಾನ ನಿಯಮಗಳ 19ನೇ ನಿಯಮದಲ್ಲಿದೆ. ಇಂದು ಒಂದು ಗಂಟೆ ಉಳಿಸಲು ಹೋಗಿ ಹತ್ತು ವರ್ಷದ ನಂತರದ ಕೆಲಸವನ್ನೇ ಪಣಕ್ಕಿಡಬಾರದು.

203ರಲ್ಲಿ ಉಳಿಕೆ ಬರೀ ಮೂರು ಗಂಟೆ ಎಂಬುದನ್ನೂ ನೋಡಿ. ತಿದ್ದುಪಡಿಯಲ್ಲಿ ನಾಲ್ಕು ಗಂಟೆ ಹೋದರೆ 200ರ ಕೆಳಗೆ ಇಳಿಯುತ್ತೀರಿ. ಮುಂದೆ ಒಂದಿಷ್ಟು ಹೆಚ್ಚುವರಿ ಹಾರಾಟ ಮಾಡಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಫೀಸಿನ ತಕರಾರನ್ನು ಲಾಗ್‌ಬುಕ್ಕಿನ ತಕರಾರಿನಿಂದ ಬೇರೆ ಮಾಡಿ. ನೀವು ಒಪ್ಪುವ ಬಾಕಿಯನ್ನು ಬ್ಯಾಂಕ್ ಮೂಲಕ ಕಟ್ಟಿ ರಸೀದಿ ಪಡೆಯಿರಿ. ಒಪ್ಪದ ಮೊತ್ತ ಯಾವುದು, ಏಕೆ ಎಂದು ಇಮೇಲಿನಲ್ಲಿ ಬರೆಯಿರಿ. ನಗದು ಬೇಡ. ಎಲ್ಲ ಬರೆದ ಮೇಲೂ ಅನುಮೋದನೆ ತಡೆಹಿಡಿದರೆ ಆ ಇಮೇಲ್‌ಗಳ ಪ್ರತಿಯೊಂದಿಗೆ ಡಿಜಿಸಿಎಗೆ ದೂರು ಕೊಡುವ ದಾರಿ ಇದೆ. ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ದೂರಿಗೆ ಉತ್ತರ ಬರುವಷ್ಟರಲ್ಲಿ ಆರು ತಿಂಗಳ ಗಡುವು ಕಳೆದಿರುತ್ತದೆ, ಮತ್ತೆ ಅದೇ ಸಂಸ್ಥೆಯಲ್ಲಿ ಕೆಲವು ಗಂಟೆ ಹಾರಬೇಕಾಗಿಯೂ ಬರಬಹುದು.

ಇರುವ ಮೂರು ದಾರಿ

ಮೊದಲನೆಯದು, ಜುಲೈ 11ರೊಳಗೆ ಅರ್ಜಿ. ಅದಕ್ಕೆ 11 ಗಂಟೆಯ ಅನುಮೋದನೆ ಈ ವಾರವೇ ಆಗಬೇಕು, ಎಲ್ಲ ದಾಖಲೆ ಸಿದ್ಧವಿರಬೇಕು. ಆದರೆ ಆಗಲಿ, ಖರ್ಚಿಲ್ಲ. ಸಮಸ್ಯೆ ಏನೆಂದರೆ ಅವಸರದಲ್ಲಿ ಒಂದು ಕಾಗದ ತಪ್ಪಿದರೂ ಅರ್ಜಿ ಕೊರತೆ ತೋರಿಸಿ ವಾಪಸಾಗುತ್ತದೆ. ಅರ್ಧಂಬರ್ಧ ಅರ್ಜಿ ಹಾಕಿ ತಾರೀಖು ಹಿಡಿದಿಟ್ಟುಕೊಳ್ಳೋಣ ಎಂಬ ಸಲಹೆ ಯಾರಾದರೂ ಕೊಟ್ಟರೆ ಅದನ್ನು ನಂಬಿ ಕೂರಬೇಡಿ. ಸಂಸ್ಥೆಯವರು ಜುಲೈ 8ರೊಳಗೆ ಅನುಮೋದಿಸಿದರೆ ಮಾತ್ರ ಈ ದಾರಿ ಹಿಡಿಯಿರಿ.

ಎರಡನೆಯದು, ನಾನು ನಿಮಗೆ ಹೇಳುವ ದಾರಿ. ಜುಲೈ ಮೂರನೇ ವಾರದಲ್ಲಿ ಮಗಳು ಸಂಸ್ಥೆಗೆ ಹೋಗಿ ಸ್ವಲ್ಪ ಹಾರಾಟ ಮಾಡಿ, ಆಗಸ್ಟ್ ಮೊದಲ ವಾರದಲ್ಲಿ ಅರ್ಜಿ ಹಾಕುವುದು. ಮೊದಲ ಸ್ಕಿಲ್ ಟೆಸ್ಟ್ ಫೆಬ್ರವರಿ 12ರದು, ಆದ್ದರಿಂದ ಆಗಸ್ಟ್ 11 ದಾಟಬಾರದು. ಆಗಸ್ಟ್ 5 ಎಂದು ಗುರಿ ಇಟ್ಟುಕೊಳ್ಳಿ. ಆ ದಿನಕ್ಕೆ ಜನವರಿಯ ಹಾರಾಟವೆಲ್ಲ ಬಿದ್ದು ಆರು ತಿಂಗಳೊಳಗಿನ ಪಿಐಸಿ 11 ಗಂಟೆ 30 ನಿಮಿಷಕ್ಕೆ ಇಳಿದಿರುತ್ತದೆ. ಕೊರತೆ ಮೂರೂವರೆ ಗಂಟೆ. ರಾತ್ರಿಯ ಹತ್ತು ಸರ್ಕಿಟ್ (ಏರಿ, ನಿಲ್ದಾಣ ಸುತ್ತಿ ಇಳಿಯುವುದು) ಹೊಸದಾಗಿ ಆಗಬೇಕು. ಅದರಲ್ಲಿ ಸುಮಾರು ಒಂದೂಮುಕ್ಕಾಲು ಗಂಟೆ ಸೋಲೋ ಬರುತ್ತದೆ. ಉಳಿದದ್ದಕ್ಕೆ ಹಗಲಿನಲ್ಲಿ ಒಂದೆರಡು ಸೋಲೋ.

ಆದರೆ ಏಪ್ರಿಲಿನ ನಂತರ ಹಾರದವಳನ್ನು ಯಾವ ಇನ್‌ಸ್ಟ್ರಕ್ಟರೂ ನೇರವಾಗಿ ಒಬ್ಬಳೇ ಕಳಿಸುವುದಿಲ್ಲ, ಕಳಿಸಲೂಬಾರದು. ಹಗಲಿಗೆ ಒಂದು, ರಾತ್ರಿಗೆ ಒಂದು ಡ್ಯುಯಲ್ ಚೆಕ್ ಕೊಟ್ಟೇ ಕೊಡುತ್ತಾರೆ. ಅದು ಪಿಐಸಿಗೆ ಸೇರುವುದಿಲ್ಲ. ಒಟ್ಟು ಎಂಟು ಗಂಟೆಯ ಖರ್ಚು ಇಟ್ಟುಕೊಳ್ಳಿ: ಎರಡರಿಂದ ಮೂರು ಗಂಟೆ ಡ್ಯುಯಲ್, ಐದು ಗಂಟೆ ಸೋಲೋ. ಮೂರೂವರೆಯ ಬದಲು ಐದು ಏಕೆಂದರೆ ತಾಳೆಯಾಗದ 11 ಗಂಟೆಯಲ್ಲಿ ಒಂದಿಷ್ಟು ಹೋದರೂ ತಡೆದುಕೊಳ್ಳಲಿ ಎಂದು. ರಾತ್ರಿ ಲ್ಯಾಂಡಿಂಗ್ ಹತ್ತಕ್ಕೆ ನಿಲ್ಲಿಸದೆ ಹನ್ನೆರಡು ಮಾಡಲಿ. ಷರಾ ಕಾಲಮ್ಮಿನಲ್ಲಿ 'ಸರ್ಕಿಟ್ಸ್' ಎಂದಷ್ಟೇ ಬರೆದು ಬಿಡಬಾರದು. ರಾತ್ರಿ ಟೇಕಾಫ್ ಎಷ್ಟು, ರಾತ್ರಿ ಲ್ಯಾಂಡಿಂಗ್ ಎಷ್ಟು ಎಂದು ಅದರದೇ ಕಾಲಮ್ಮಿನಲ್ಲಿ ಅಂಕಿ ಬರಬೇಕು. ಟೆಸ್ಟ್ ಕೊಟ್ಟ ಮಾದರಿಯ ವಿಮಾನದಲ್ಲೇ ಹಾರಲಿ. ಪ್ರತಿ ದಿನದ ಸಾಲನ್ನು ಅಂದೇ ಇ-ಲಾಗ್‌ಬುಕ್ಕಿಗೆ ಏರಿಸಿ, ಅನುಮೋದನೆ ಮುಗಿದ ಮೇಲೇ ಬಸ್ಸು ಹತ್ತಲಿ. ಊರಿಗೆ ಬಂದು ಫೋನ್ ಮಾಡುತ್ತ ಕೂರುವುದಕ್ಕಿಂತ ಅಲ್ಲೇ ಒಂದು ದಿನ ಹೆಚ್ಚು ನಿಲ್ಲುವುದು ಲೇಸು.

ಜುಲೈಯಲ್ಲಿ ಹಾರಾಟ ಎಲ್ಲಿ ಎಂದು ನೀವು ಕೇಳಬಹುದು. ಶಿರಸಿಯ ಜಡಿಮಳೆ ನೋಡಿ ದೇಶವೆಲ್ಲ ಹೀಗೇ ಇದೆ ಎಂದುಕೊಳ್ಳಬೇಡಿ. ಘಟ್ಟದ ಆಚೆ ಮಳೆಯ ನೆರಳಿನಲ್ಲಿರುವ ಕಲಬುರಗಿ, ಬಾರಾಮತಿಯಂಥ ಕಡೆಗಳಲ್ಲಿ ಫ್ಲೈಯಿಂಗ್ ಸ್ಕೂಲ್‌ಗಳಿವೆ, ಮಳೆಗಾಲದಲ್ಲೂ ನಡುನಡುವೆ ಬಿಡುವು ಸಿಗುತ್ತದೆ. ಮಗಳ ಸಂಸ್ಥೆಯ ಊರಿನಲ್ಲಿ ಹೇಗಿದೆ ಎಂದು ಅಲ್ಲಿ ಈಗ ಕಲಿಯುತ್ತಿರುವ ಸಹಪಾಠಿಗಳನ್ನು ಕೇಳಿ. ಕಚೇರಿಯವರಿಗಿಂತ ಅವರ ಉತ್ತರ ನಿಖರವಾಗಿರುತ್ತದೆ. ವಿದ್ಯಾರ್ಥಿಯನ್ನು ರಾತ್ರಿ ಒಬ್ಬಳೇ ಕಳಿಸಲು ಮೋಡ ಎತ್ತರದಲ್ಲಿರಬೇಕು, ಗೋಚರತೆ ಚೆನ್ನಾಗಿರಬೇಕು, ಅಡ್ಡಗಾಳಿ ಮಿತಿಯೊಳಗಿರಬೇಕು, ರನ್‌ವೇ ದೀಪ ಮತ್ತು ಕಂಟ್ರೋಲ್ ಟವರಿನ ಸಮಯ ಸಿಗಬೇಕು. ಮೂರು ಸಂಜೆ ಕಾದರೆ ಒಂದು ಸಂಜೆ ಸಿಗಬಹುದು. ಅದಕ್ಕೇ ಹತ್ತರಿಂದ ಹನ್ನೆರಡು ದಿನ ಅಲ್ಲಿರುವಂತೆ ಹೋಗಲಿ. ಬೇರೆ ಸಂಸ್ಥೆಗೆ ಬದಲಾಯಿಸುವ ಯೋಚನೆ ಇದ್ದರೆ ಅಲ್ಲಿ ಮೊದಲು ತಮ್ಮ ಪದ್ಧತಿಗೆ ಹೊಂದಿಸಲು ಡ್ಯುಯಲ್ ಗಂಟೆ ಹೆಚ್ಚು ಕೇಳುತ್ತಾರೆ, ಹಳೆಯ ಸಂಸ್ಥೆಯಿಂದ ತರಬೇತಿ ದಾಖಲೆಯೂ ಬರಬೇಕು. ಇಷ್ಟು ಚಿಕ್ಕ ಕೆಲಸಕ್ಕೆ ಅದು ಲಾಭವಲ್ಲ.

ಮೂರನೆಯದು, ಮಳೆಗಾಲ ಮುಗಿಯಲಿ ಎಂದು ಅಕ್ಟೋಬರ್‌ವರೆಗೆ ಬಿಡುವುದು. ಆಗ ನಾಲ್ಕೂ ಸ್ಕಿಲ್ ಟೆಸ್ಟ್ ಮತ್ತೆ, 15 ಗಂಟೆ ಪಿಐಸಿ ಹೆಚ್ಚುಕಡಿಮೆ ಪೂರ್ತಿ ಮತ್ತೆ, ರಾತ್ರಿ ಲ್ಯಾಂಡಿಂಗ್ ಮತ್ತೆ. ಟೆಸ್ಟಿಗೆ ಮೊದಲು ಅಭ್ಯಾಸದ ಹಾರಾಟ, ಪರೀಕ್ಷಕರ ತಾರೀಖು ಸಿಗುವವರೆಗೆ ಕಾಯುವುದು ಬೇರೆ. ಅಪಾಯವೇನೂ ಇಲ್ಲ, 200 ಗಂಟೆಗೆ ಐದು ವರ್ಷದ ಅವಕಾಶ ಇರುವುದರಿಂದ ಮೂಲ ಬಂಡವಾಳ ಉಳಿಯುತ್ತದೆ. ಆದರೆ ಎಂಟು ಗಂಟೆಯ ಜಾಗದಲ್ಲಿ ಮೂವತ್ತರ ಹತ್ತಿರ ಹೋಗುತ್ತದೆ. ಕಂತು ಶುರುವಾದ ಮನೆಗೆ ಅದು ಭಾರ. ಆರೋಗ್ಯದ ಅಥವಾ ಮನೆಯ ಬೇರೆ ತೊಂದರೆ ಇಲ್ಲದಿದ್ದರೆ ಇದನ್ನು ಆರಿಸಿಕೊಳ್ಳಬೇಡಿ.

ಕಾಗದಪತ್ರ

ಹೆಸರಿನ ತೊಂದರೆ ನಮ್ಮ ಜಿಲ್ಲೆಯವರಿಗೆ ಹೆಚ್ಚು. ಅಂಕಪಟ್ಟಿಯಲ್ಲಿ ಹೆಸರು, ತಂದೆಯ ಹೆಸರಿನ ಮೊದಲಕ್ಷರ, ಕೊನೆಗೆ ಹೆಗಡೆ, ಭಟ್ಟ, ನಾಯಕ, ಗೌಡ ಎಂದಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ಅಕ್ಷರವನ್ನು ಬಿಡಿಸಿ ಬರೆಯಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಹೆಗಡೆಗೆ ಒಂದೊಂದು ಕಡೆ ಒಂದೊಂದು ಕಾಗುಣಿತ. ಊರಿನಲ್ಲಿ ಇದು ಯಾರಿಗೂ ತೊಡಕಲ್ಲ, ದೆಹಲಿಯ ಲೈಸೆನ್ಸಿಂಗ್ ವಿಭಾಗದಲ್ಲಿ ಕೂತು ನೋಡುವವರಿಗೆ ಇಬ್ಬರು ವ್ಯಕ್ತಿಗಳಂತೆ ಕಾಣುತ್ತದೆ. ಮಗಳ ಕಂಪ್ಯೂಟರ್ ನಂಬರ್ (ಡಿಜಿಸಿಎ ಪರೀಕ್ಷೆಗೆ ಕೊಡುವ ಗುರುತಿನ ಸಂಖ್ಯೆ), ಪರೀಕ್ಷೆಯ ಫಲಿತಾಂಶ, ಮೆಡಿಕಲ್, ಆರ್‌ಟಿಆರ್, ಇ-ಜಿಸಿಎ ಪ್ರೊಫೈಲ್ ಇವೆಲ್ಲದರಲ್ಲಿ ಯಾವ ಹೆಸರಿದೆ ಎಂದು ಸಾಲಾಗಿ ಬರೆದು ನೋಡಿ. ಹೆಚ್ಚಿನವು ಅಂಕಪಟ್ಟಿಯಂತೆಯೇ ಇದ್ದರೆ ಈ ಅರ್ಜಿಯನ್ನು ಅದೇ ಹೆಸರಿನಲ್ಲಿ ಮುಂದುವರಿಸಿ, ಎರಡೂ ಹೆಸರು ಒಬ್ಬಳದೇ ಎಂಬ ನೋಟರಿ ಅಫಿಡವಿಟ್ ಜೊತೆಗಿಡಿ. ಅಫಿಡವಿಟ್ ವಿವರಣೆಗೆ ನೆರವಾಗುತ್ತದೆ, ಅಷ್ಟೆ. ಕಾಯಂ ಪರಿಹಾರ ಎಂದರೆ ದಾಖಲೆಗಳು ಒಂದಾಗುವುದು. ಪಿಯುಸಿ ಅಂಕಪಟ್ಟಿ ತಿದ್ದಿಸಲು ಕಾಲೇಜಿನ ಪ್ರಾಂಶುಪಾಲರ ಮೂಲಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಹೋಗಬೇಕು, ನಿಧಾನದ ಕೆಲಸ. ಅದಕ್ಕಿಂತ ಪಾಸ್‌ಪೋರ್ಟನ್ನು ಮರುವಿತರಣೆ ಮಾಡಿಸುವುದು ಸುಲಭವಾಗುವುದುಂಟು. ಈ ತಿಂಗಳ ಗಡಿಬಿಡಿಯಲ್ಲಿ ಅದಕ್ಕೆ ಕೈ ಹಾಕಬೇಡಿ, ಆದರೆ ಲೈಸೆನ್ಸ್ ಬಂದ ಮೇಲೆ ಬಿಡಲೂಬೇಡಿ. ಏರ್‌ಪೋರ್ಟ್ ಪಾಸ್, ವಿದೇಶದಲ್ಲಿ ಟೈಪ್ ರೇಟಿಂಗಿಗೆ (ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆಗೆ) ವೀಸಾ, ಎಲ್ಲ ಕಡೆ ಇದೇ ಪ್ರಶ್ನೆ ಮತ್ತೆ ಏಳುತ್ತದೆ.

ಆರ್‌ಟಿಆರ್ ಪಾಸಾಗಿದೆ ಎಂದಿದ್ದೀರಿ, ಎಫ್‌ಆರ್‌ಟಿಒಎಲ್ ಬಗ್ಗೆ ಬರೆದಿಲ್ಲ. ಇವೆರಡೂ ಒಂದಲ್ಲ. ಮೊದಲನೆಯದು ರೇಡಿಯೊ ಬಳಸುವ ಅರ್ಹತೆಯ ಪ್ರಮಾಣಪತ್ರ. ಎರಡನೆಯದು ಅದರ ಆಧಾರದ ಮೇಲೆ ಡಿಜಿಸಿಎ ಕೊಡುವ ರೇಡಿಯೊ ಲೈಸೆನ್ಸ್. ಸಿಪಿಎಲ್‌ಗೆ ಅದು ಬೇಕೇ ಬೇಕು. ಹಿಂದೆ ಆರ್‌ಟಿಆರ್ ಪರೀಕ್ಷೆಯನ್ನು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ನಡೆಸುತ್ತಿತ್ತು. 2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ಆ ಅಧಿಕಾರವನ್ನು ಡಿಜಿಸಿಎಗೆ ವಹಿಸಿತು. ಮಗಳದು ಹಳೆಯ ಪ್ರಮಾಣಪತ್ರವೋ ಹೊಸದೋ ನೋಡಿಕೊಂಡು ಅರ್ಜಿಯಲ್ಲಿ ಸರಿಯಾದ ವಿವರ ತುಂಬಲಿ.

ಇಂಗ್ಲಿಷ್ ಪ್ರಾವೀಣ್ಯದ ಪರೀಕ್ಷೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಕನ್ನಡ ಮಾಧ್ಯಮದಲ್ಲಿ ಓದಿದವರ ಮನೆಗಳಲ್ಲಿ ಇದರ ಭಯ ಇದ್ದೇ ಇರುತ್ತದೆ. ಕನಿಷ್ಠ ಲೆವೆಲ್ 4 ಬೇಕು. ಉಚ್ಚಾರ, ವಾಕ್ಯರಚನೆ, ಶಬ್ದಸಂಪತ್ತು, ನಿರರ್ಗಳತೆ, ಅರ್ಥಗ್ರಹಣ, ಸಂವಾದ ಎಂಬ ಆರು ಅಂಶ ನೋಡಿ, ಆರರಲ್ಲಿ ಅತಿ ಕಡಿಮೆ ಬಂದದ್ದನ್ನೇ ಒಟ್ಟು ಮಟ್ಟವಾಗಿ ಕೊಡುತ್ತಾರೆ. ನಮ್ಮ ಕಡೆಯ ಧಾಟಿ ಇರುವುದು ತಪ್ಪಲ್ಲ, ಕೇಳುವವರಿಗೆ ಅರ್ಥವಾಗಬೇಕು. ಲೆವೆಲ್ 4 ಬಂದರೆ ಮೂರು ವರ್ಷ, 5ಕ್ಕೆ ಆರು ವರ್ಷ, 6 ಬಂದರೆ ಮತ್ತೆ ಪರೀಕ್ಷೆಯಿಲ್ಲ. ಮಗಳ ಪ್ರಮಾಣಪತ್ರದ ತಾರೀಖನ್ನೂ ಹಾಳೆಯಲ್ಲಿ ಸೇರಿಸಿ.

ಅರ್ಜಿ ಇ-ಜಿಸಿಎಯಲ್ಲೇ ಹಾಕಬೇಕು, ಶುಲ್ಕ ಸರ್ಕಾರದ ಪಾವತಿ ಜಾಲತಾಣ ಭಾರತಕೋಶದ ಮೂಲಕ. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟು, ನೆಟ್‌ವರ್ಕು ಎರಡನ್ನೂ ನಂಬುವಂತಿಲ್ಲ. ಶುಲ್ಕ ಕಟ್ಟುವ ಹೊತ್ತಿಗೆ ಸಂಪರ್ಕ ಕಡಿದು, ಹಣ ಹೋಗಿ ಅರ್ಜಿ ನಿಂತರೆ ಅದನ್ನು ಸರಿಪಡಿಸಲು ದಿನಗಟ್ಟಲೆ ಬೇಕು. ಹಳ್ಳಿಯಲ್ಲಿ ಮೊಬೈಲ್ ಡೇಟಾ ಹಿಡಿದು ಪ್ರಯತ್ನಿಸದೆ ಶಿರಸಿ ಪೇಟೆಯಲ್ಲೋ ಹುಬ್ಬಳ್ಳಿಯಲ್ಲೋ ಒಳ್ಳೆಯ ಸಂಪರ್ಕ ಇರುವಲ್ಲಿ ಕೂತು ಮುಗಿಸಿ. ಮೊಬೈಲಿನಲ್ಲಿ ತೆಗೆದ ಓರೆ ಫೋಟೊ ಬೇಡ, ಸ್ಕ್ಯಾನ್ ಮಾಡಿಸಿ. ಅಂಕಪಟ್ಟಿಯ ಮೊಹರು, ಲಾಗ್‌ಬುಕ್ ಪುಟದ ಕೊನೆಯ ಮೊತ್ತ ಮತ್ತು ಸಹಿ, ಟೆಸ್ಟ್ ವರದಿಯಲ್ಲಿ ಪರೀಕ್ಷಕರ ಸಹಿ ಮತ್ತು ತಾರೀಖು ಸ್ಪಷ್ಟವಾಗಿ ಓದಲು ಬರಬೇಕು. ಸಲ್ಲಿಸಿದ ಮೇಲೆ ದಿನಕ್ಕೊಮ್ಮೆ ಪೋರ್ಟಲ್ ತೆರೆದು ನೋಡಲಿ. ಕೊರತೆ ತೋರಿಸಿದ್ದರೆ ಅದೇ ದಿನ ಉತ್ತರಿಸಲಿ.

ಹೀಗೆ ಎಲ್ಲವೂ ಅವಳ ಸ್ವಂತ ಲಾಗಿನ್ನಿನಲ್ಲೇ ನಡೆಯುವಾಗ ಏಜೆಂಟಿಗೆ ಮಾಡಲು ಉಳಿದದ್ದೇನು? ಪಾಸ್‌ವರ್ಡ್ ಕೇಳುತ್ತಾರೆ, ಇಲ್ಲವೇ ಕೊರತೆ ಬಿದ್ದ ಗಂಟೆಯನ್ನು 'ಹೊಂದಿಸಿ' ಕೊಡುತ್ತೇನೆ ಎನ್ನುತ್ತಾರೆ. ಮೊದಲನೆಯದು ವ್ಯರ್ಥ ಖರ್ಚು, ಎರಡನೆಯದು ಅಪರಾಧ. ಸಿಕ್ಕಿಬಿದ್ದರೆ ಏಜೆಂಟಿನ ಹೆಸರು ಎಲ್ಲಿಯೂ ಇರುವುದಿಲ್ಲ, ನಿಮ್ಮ ಮಗಳ ಹೆಸರಿರುತ್ತದೆ.

ಲೈಸೆನ್ಸ್ ಮಂಜೂರಾದರೆ ಅದು ಈಗ ಮೊಬೈಲಿನಲ್ಲೇ ಬರುತ್ತದೆ. 2025ರ ಫೆಬ್ರವರಿಯಿಂದ ಡಿಜಿಸಿಎ ಎಲೆಕ್ಟ್ರಾನಿಕ್ ಲೈಸೆನ್ಸ್ ಕೊಡುತ್ತಿದೆ. 2023ರ ತಿದ್ದುಪಡಿಯ ನಂತರ ಸಿಪಿಎಲ್ ಅವಧಿ ಹತ್ತು ವರ್ಷ. ಹತ್ತು ವರ್ಷ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ, ಏಕೆಂದರೆ ಮೆಡಿಕಲ್ ಚಾಲ್ತಿಯಲ್ಲಿಲ್ಲದ ದಿನ ಆ ಲೈಸೆನ್ಸ್ ಬಳಸಿ ಹಾರುವಂತಿಲ್ಲ. ಏರ್‌ಲೈನ್ ಕೆಲಸಕ್ಕೆ ಬೇಕಾಗುವ ಇನ್‌ಸ್ಟ್ರುಮೆಂಟ್ ರೇಟಿಂಗನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಬೇಕಾದ ಗಂಟೆಯೂ ಬೇರೆ: ಕ್ರಾಸ್ ಕಂಟ್ರಿ ಪಿಐಸಿ 50, ಇನ್‌ಸ್ಟ್ರುಮೆಂಟ್ ಸಮಯ 40. ಸಿಪಿಎಲ್ ಜೊತೆಗೇ ಅದನ್ನೂ ಕೇಳುವುದಾದರೆ ಆ ಲೆಕ್ಕವೂ ತಾಳೆಯಾಗಿರಬೇಕು.

ಸಾಲದ ವಿಷಯಕ್ಕೆ ಒಂದು ಮಾತು. ಲೈಸೆನ್ಸ್ ಬಂದ ಮರುದಿನವೇ ಸಂಬಳ ಶುರುವಾಗುತ್ತದೆ ಎಂದು ಎಣಿಸಿ ಕಂತಿನ ಲೆಕ್ಕ ಹಾಕಬೇಡಿ. ಏರ್‌ಲೈನ್ ಪರೀಕ್ಷೆ, ಸಂದರ್ಶನ, ಟೈಪ್ ರೇಟಿಂಗ್ ಎಂದು ಅದರಾಚೆಗೂ ಹಂತಗಳಿವೆ, ಟೈಪ್ ರೇಟಿಂಗಿಗೆ ಮತ್ತೆ ದೊಡ್ಡ ಮೊತ್ತ ಬೇಕಾಗಬಹುದು. ಈಗಲೇ ಬ್ಯಾಂಕ್ ಮ್ಯಾನೇಜರನ್ನು ಕಂಡು, ತರಬೇತಿ ಮುಗಿದಿದೆ, ಲೈಸೆನ್ಸ್ ಹಂತದಲ್ಲಿದೆ ಎಂಬ ದಾಖಲೆ ತೋರಿಸಿ, ಕಂತು ಮುಂದೂಡಲು ಅಥವಾ ಸದ್ಯಕ್ಕೆ ಬಡ್ಡಿ ಮಾತ್ರ ಕಟ್ಟಲು ಅವಕಾಶವಿದೆಯೇ ಎಂದು ಲಿಖಿತವಾಗಿ ಕೇಳಿ. ಕಂತು ತಪ್ಪಿದ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳಿದವರಿಗೆ ಕಿವಿಗೊಡುತ್ತಾರೆ.

ಕೊನೆಗೆ ಮೆಡಿಕಲ್. ಆಗಸ್ಟ್ 30 ಎಂದರೆ ದೂರವಿದೆ ಅನಿಸುತ್ತದೆ. ಆದರೆ ಆಗಸ್ಟ್ 5ಕ್ಕೆ ಹಾಕಿದ ಅರ್ಜಿ ಪರಿಶೀಲನೆಯಲ್ಲಿರುವಾಗಲೇ ಅದು ಮುಗಿದರೆ ಹೊಸ ಕೊರತೆ ಎದ್ದಂತಾಯಿತು. ಬೆಂಗಳೂರಿನ ವಿಮಾನಪುರದಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಅಥವಾ ಡಿಜಿಸಿಎ ಮಾನ್ಯ ಮಾಡಿದ ಬೇರೆ ಪರೀಕ್ಷಕರಲ್ಲಿ ತಾರೀಖು ಸಿಗುವುದಕ್ಕೇ ಕಾಯಬೇಕಾಗುತ್ತದೆ. ಈ ವಾರವೇ ತಾರೀಖು ಕಾದಿರಿಸಿ. ಕನ್ನಡಕ ಹಾಕುವವಳಾದರೆ ಹೆದರಬೇಡಿ, ಸರಿಪಡಿಸಿದ ದೃಷ್ಟಿ ನಿಗದಿತ ಮಟ್ಟದಲ್ಲಿದ್ದು ಬಣ್ಣ ಗುರುತಿಸಲು ಬಂದರೆ ಅಡ್ಡಿಯಿಲ್ಲ. ಹೊಸ ಕನ್ನಡಕ ಮಾಡಿಸಿದ್ದರೆ ಅದರ ಚೀಟಿ, ಇನ್ನೊಂದು ಜೊತೆ ಕನ್ನಡಕ, ಹಿಂದಿನ ಮೆಡಿಕಲ್ ಫೈಲಿನ ನಂಬರ್, ಈ ವರ್ಷ ಆದ ಕಾಯಿಲೆ ಅಥವಾ ಶಸ್ತ್ರಚಿಕಿತ್ಸೆಯ ಕಾಗದ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಲಿ.